ಈ ವರ್ಷ ನಮ್ಮನೆಯಲ್ಲಿ ಹಬ್ಬ ಇಲ್ಲ, ದಸರಾ ರಜೆಯಲ್ಲಿ ಮಕ್ಕಳ ಕೈಗೆ ಏನು ಕೊಡಲಿ?

ಮಳೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಚೇರಂಬಾಣೆ ಕಡೆ, ಸಣ್ಣ ಕಾಫಿ ತೋಟ. ಜುಲೈಯಲ್ಲಿ ನಮ್ಮ ಮಾವ ತೀರಿಕೊಂಡರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ವಾಪಸ್ ಕರೆದುಕೊಂಡು ಬಂದ ದಿನ ಎಂಥಾ ಮಳೆ ಅಂದರೆ ಗಾಡಿ ಮನೆಯ ತನಕ ಬರಲಿಲ್ಲ, ಗೇಟಿನಿಂದ ಹೊತ್ತುಕೊಂಡೇ ಬಂದರು.

ಹಾಗಾಗಿ ಈ ವರ್ಷ ನಮ್ಮಲ್ಲಿ ಹಬ್ಬ ಇಲ್ಲ. ಕೈಲ್ ಮುಹೂರ್ತ ಸುಮ್ನೆ ಕಳೆಯಿತು. ಇನ್ನು ದಸರಾ, ಆಮೇಲೆ ತುಲಾ ಸಂಕ್ರಮಣ, ಆಮೇಲೆ ಪುತ್ತರಿ. ಎಲ್ಲವೂ ಈ ಸಲ ಪಕ್ಕದ ಮನೆಯವರ ಹಬ್ಬ.

ಮಗ ಎಂಟನೇ ಕ್ಲಾಸು, ಮಗಳು ಮೂರನೇ ಕ್ಲಾಸು. ಇನ್ನು ನಾಲ್ಕು ದಿನಕ್ಕೆ ರಜೆ ಶುರು. ಪ್ರತಿ ವರ್ಷ ವಿಜಯದಶಮಿ ರಾತ್ರಿ ಮಾವನೇ ಇಬ್ಬರನ್ನೂ ಜೀಪಿಗೆ ಹಾಕಿಕೊಂಡು ಮಡಿಕೇರಿಗೆ ದಶಮಂಟಪ (ಹತ್ತು ದೇವಸ್ಥಾನಗಳ ಬೊಂಬೆ ಮಂಟಪಗಳ ಮೆರವಣಿಗೆ) ನೋಡಲು ಹೋಗುತ್ತಿದ್ದರು, ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಮೂವರೂ ವಾಪಸ್. ಈ ವರ್ಷ ಆ ರಾತ್ರಿ ಹೇಗೆ ಕಳೆಯುವುದೋ ಗೊತ್ತಾಗುತ್ತಿಲ್ಲ. ಮಗಳು ಅಳುತ್ತಾಳೆ, ಆಮೇಲೆ ಸರಿಯಾಗುತ್ತಾಳೆ. ಮಗ ಅಳುವುದೂ ಇಲ್ಲ, ಮಾತೂ ಇಲ್ಲ. ಅಜ್ಜನ ಹಿಂದೆಯೇ ತೋಟ ಸುತ್ತುತ್ತಿದ್ದ ಹುಡುಗ, ಈಗ ಶಾಲೆಯಿಂದ ಬಂದರೆ ಕಿಟಕಿ ಪಕ್ಕದ ಮಂಚ ಬಿಟ್ಟು ಏಳುವುದಿಲ್ಲ. ಇವರು ಕಾಯಿ ಉದುರುತ್ತಿದೆ ಅಂತ ತೋಟದಲ್ಲೇ ಇರುತ್ತಾರೆ. ನಾನು ಅಡುಗೆ ಮನೆಯಲ್ಲಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಅಳುವವಳು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು?

ರಜೆಯಲ್ಲಿ ಮನೆಮಂದಿ ಒಟ್ಟಿಗೆ ಕೂತು ಕೈಯಲ್ಲಿ ಏನಾದರೂ ಮಾಡುವಂಥದ್ದು ಬೇಕು. ಆನ್‌ಲೈನಲ್ಲಿ ಜೇಡಿಮಣ್ಣಿನ ಕಿಟ್ ತರಿಸಿದೆ, ಡಬ್ಬ ಬಿಚ್ಚಲೇ ಇಲ್ಲ. ಆಸ್ಪತ್ರೆ ಖರ್ಚಿನಿಂದ ಕೈ ಬಿಗಿ ಇದೆ, ಜಾಸ್ತಿ ದುಡ್ಡು ಹಾಕುವುದು ಬೇಡ. ಮಳೆ ಇನ್ನೂ ಬಿಟ್ಟಿಲ್ಲ, ಸಂಜೆ ಕರೆಂಟ್ ಹೋದರೆ ಹೋಯಿತು. ಇಷ್ಟರೊಳಗೆ ಏನಾದರೂ ಇದ್ದರೆ ಹೇಳಿ.

ಖಡಕ್ ಕಾಫಿ:

ಮೊದಲು ಮೊಬೈಲ್ ಕಿತ್ತುಕೊಳ್ಳಿ. ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಮಳೆಮನೆ:

ಮೊಬೈಲ್ ಆದರೂ ನೋಡುತ್ತಿದ್ದರೆ ಸಮಾಧಾನ ಇತ್ತು ಅಣ್ಣ. ಗೋಡೆ ನೋಡುತ್ತಾನೆ.

ಹಳೇ ಮೇಷ್ಟ್ರು:

ತಂಗಿ, ನಾನು ಸೋಮವಾರಪೇಟೆಯ ಕಡೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಮಂಟಪ ನೋಡಲು ಹೋಗಲಾಗದಿದ್ದರೆ ಮಂಟಪವನ್ನೇ ಮನೆಯಲ್ಲಿ ಮಾಡಿ. ಮಡಿಕೇರಿಯ ಮಕ್ಕಳ ದಸರಾದಲ್ಲಿ ಸಣ್ಣ ಸಣ್ಣ ಹುಡುಗರು ಮಂಟಪ ಕಟ್ಟಿ ತರುವುದನ್ನು ನೀವೂ ನೋಡಿರುತ್ತೀರಿ. ರಟ್ಟಿನ ಪೆಟ್ಟಿಗೆ, ಹಳೆಯ ಸೀರಿಯಲ್ ಸೆಟ್, ತೆಂಗಿನ ಗರಿ, ಇಷ್ಟರಲ್ಲೇ ಅದ್ಭುತ ಮಾಡುತ್ತಾರೆ.

ಮಂಟಪ ಅಂದರೆ ಬೊಂಬೆ ಕೈ ಎತ್ತಬೇಕು, ಗದೆ ಬೀಸಬೇಕು, ಇಲ್ಲದಿದ್ದರೆ ಅದು ಬರೀ ಶೋಕೇಸು. ಅದಕ್ಕೆ ಮೋಟಾರು ಬೇಡ. ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ನಾಲ್ಕು, ಒಂದು ಡ್ರಿಪ್ ಪೈಪು ತನ್ನಿ. ಒಂದು ಸಿರಿಂಜಿಗೆ ನೀರು ತುಂಬಿ, ಪೈಪಿನಲ್ಲೂ ನೀರು ತುಂಬಿ, ಇನ್ನೊಂದು ತುದಿಗೆ ಪೂರ್ತಿ ಒತ್ತಿದ ಖಾಲಿ ಸಿರಿಂಜ್ ಸಿಕ್ಕಿಸಿ. ಇದನ್ನು ಒತ್ತಿದರೆ ಅದು ಏಳುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಕೈ ನಡುಗುತ್ತದೆ, ಯಾಕೆಂದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆಮೇಲೆ ಒಂದು ಕಡೆ 10, ಇನ್ನೊಂದು ಕಡೆ 5 ಎಂಎಲ್ ಹಾಕಿ ನೋಡಲು ಹೇಳಿ. ದೊಡ್ಡದನ್ನು ಅರ್ಧ ಒತ್ತಿದರೆ ಸಾಕು, ಸಣ್ಣದು ಪೂರ್ತಿ ಏಳುತ್ತದೆ, ಆದರೆ ಬಲ ಕಡಿಮೆ. ಭಾರದ ಗದೆ ಎತ್ತಬೇಕಾದರೆ ಸಣ್ಣದರಿಂದ ದೊಡ್ಡದಕ್ಕೆ ಒತ್ತಬೇಕು, ನಿಧಾನ ಆದರೂ ಎತ್ತುತ್ತದೆ. ಜೆಸಿಬಿ ಕೈ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ, ಅಲ್ಲಿ ನೀರಿನ ಬದಲು ಎಣ್ಣೆ. ಎಂಟನೇ ಕ್ಲಾಸಿನ ಹುಡುಗನಿಗೆ ಇದು ಹಿಡಿಸುತ್ತದೆ, ನನ್ನ ಮಾತು ನಂಬಿ.

ಮೊಣಕೈಗೆ ಅಂಗಿಯ ಗುಂಡಿ ಇಟ್ಟು ದಾರದಿಂದ ಬಿಗಿಯದೆ ಕಟ್ಟಿದರೆ ತಿರುಗುತ್ತದೆ. ಅಂಟಿಗೆ ಮೈದಾ ಕಾಯಿಸಿ. ನಮ್ಮ ಹವೆಯಲ್ಲಿ ಮೈದಾ ಅಂಟು ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತ ಒಂದು ಚಿಟಿಕೆ ಹಾಕಿ. ಹಾಕುವುದು ನೀವೇ. ವಿಷ ಅದು, ಚಿಕ್ಕವಳ ಕೈಗೆ ಕೊಡಬೇಡಿ.

ಸಂಪ್ರದಾಯಸ್ಥ:

ಸಾವಾದ ವರ್ಷ ಮಂಟಪ ಕಟ್ಟುವುದು, ದೀಪ ಹಾಕುವುದು ಸರಿಯಲ್ಲ. ಹಿರಿಯರನ್ನು ಕೇಳಿ ಮುಂದುವರಿಯಿರಿ.

ಹಳೇ ಮೇಷ್ಟ್ರು:

ಸ್ವಾಮಿ, ಪೂಜೆ ಮಾಡಿ ಅಂತ ನಾನು ಹೇಳಲಿಲ್ಲ. ದೇವರ ಮಂಟಪ ಬೇಡವಾದರೆ ಅಜ್ಜನ ಮಂಟಪ ಮಾಡಲಿ. ಜೀಪು, ಜೀಪಿನಲ್ಲಿ ಅಜ್ಜ, ಹಿಂದೆ ಇಬ್ಬರು ಮಕ್ಕಳು. ಸಿರಿಂಜ್ ಒತ್ತಿದರೆ ಅಜ್ಜ ಹಾರ್ನ್ ಒತ್ತಬೇಕು. ಅದಕ್ಕೆ ಯಾವ ಶಾಸ್ತ್ರ ಅಡ್ಡ ಬರುತ್ತದೆ?

ಕಿತ್ತಳೆ ಸಿಪ್ಪೆ:

ನಾನು ಹೇಳುವುದು ಸುಲಭದ್ದು, ನಿಮ್ಮ ಮಗಳಿಗೆ. ಕಾಫಿಯಲ್ಲಿ ಚಿತ್ರ. ಫಿಲ್ಟರಿನ ಮೊದಲ ಡಿಕಾಕ್ಷನ್ ಒಂದು ಲೋಟ, ಎರಡನೆಯದು ಒಂದು ಲೋಟ, ಮೂರನೆಯದಕ್ಕೆ ನೀರು ಬೆರೆಸಿ ಒಂದು ಲೋಟ. ಮೂರು ಬಣ್ಣ ಆಯಿತಲ್ಲ. ತಿಳಿ ಬಣ್ಣದ್ದನ್ನು ಮೊದಲು ಬಳಿದು, ಒಣಗಿದ ಮೇಲೆ ಗಾಢದ್ದು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮಂಜು ಅಂತ ನಮ್ಮ ಊರು ಇರುವುದೇ ಹಾಗಲ್ವಾ, ಒಂದೇ ಬಣ್ಣದಲ್ಲಿ ಸೊಗಸಾಗಿ ಬರುತ್ತದೆ. ತುಂಬಾ ಕಪ್ಪು ಬೇಕೆಂದು ಪಾಕದ ಹಾಗೆ ಕುದಿಸಬೇಡಿ, ಈ ಮಳೆಯಲ್ಲಿ ಅದು ಒಣಗುವುದೇ ಇಲ್ಲ, ಇರುವೆಯೂ ಬರುತ್ತದೆ. ಚಿಕೋರಿ ಬೆರೆಸಿದ ಪುಡಿಯಾದರೆ ಇನ್ನೂ ಅಂಟಂಟು.

ಕಾಗದ ಕೊಳ್ಳಬೇಡಿ. ಹಳೆಯ ಮದುವೆ ಕಾಗದಗಳ ಹಿಂಬದಿ ದಪ್ಪವಾಗಿ ಇರುತ್ತದೆ. ಕೊಡಗಿನಲ್ಲಿ ಯಾರ ಮನೆಯಲ್ಲಿ ಅದಕ್ಕೆ ಬರ? ಬರೆದಾದ ಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಡಿ, ಬೂಷ್ಟು ಬರುವುದಿಲ್ಲ. ಹೊಗೆಯ ವಾಸನೆ ಬರುತ್ತದೆ ನಿಜ, ನನಗೆ ಅದೂ ಇಷ್ಟ.

ಮಳೆಗಾಲದ ಕಕ್ಕಡ ತಿಂಗಳ 18ರಂದು ಪಾಯಸಕ್ಕೆಂದು ಮದ್ದು ಸೊಪ್ಪು ಕುದಿಸಿದ ನೀರನ್ನು ಒಂದು ಸಲ ಬಣ್ಣದ ಹಾಗೆ ಬಳಸಿ ನೋಡಿದ್ದೆ. ಮೊದಲ ದಿನ ಕಡು ನೇರಳೆ, ನೋಡಲು ಎರಡು ಕಣ್ಣು ಸಾಲದು. ಪುತ್ತರಿ ಹೊತ್ತಿಗೆ ಮಾಸಿ ಹೋಗಿತ್ತು. ಪಾಯಸಕ್ಕೇ ಸರಿ ಅದು.

ಗದ್ದೆ ಬದಿ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2018ರ ಆಗಸ್ಟಿನಲ್ಲಿ ನಮ್ಮ ಮನೆ ಹೋಯಿತು. ಮಕ್ಕಂದೂರಿನ ಆಚೆ. ಮನೆ, ಕಣ, ಕೊಟ್ಟಿಗೆ, ಒಂದೂವರೆ ಎಕರೆ ತೋಟ, ಎಲ್ಲಾ ಗುಡ್ಡದ ಜೊತೆ ಕೆಳಗೆ. ನಾವು ಜನ ಉಳಿದೆವು. ಮಗಳಿಗೆ ಆಗ ಒಂಬತ್ತು ವರ್ಷ. ಪರಿಹಾರ ಕೇಂದ್ರದಲ್ಲಿ ಇದ್ದಾಗ ಬಣ್ಣದ ಪೆನ್ಸಿಲ್ ಹಿಡಿದುಕೊಂಡು ಯಾರು ಯಾರೋ ಬರುತ್ತಿದ್ದರು. ಒಳ್ಳೆಯ ಮನಸ್ಸಿನವರೇ, ಇಲ್ಲ ಅನ್ನುವುದಿಲ್ಲ. ಆದರೆ ಬೆಳಗ್ಗೆ ಒಂದು ತಂಡ ಬಂದು ನಿಮ್ಮ ಮನೆ ಬರೆಯಿರಿ ಅನ್ನುವುದು, ಸಂಜೆ ಇನ್ನೊಂದು ತಂಡ ಬಂದು ಅದನ್ನೇ ಅನ್ನುವುದು, ಫೋಟೋ ತೆಗೆಯುವುದು. ನಾಲ್ಕನೇ ದಿನ ಮಗಳು ಹಾಳೆಯ ತುಂಬಾ ಕಂದು ಬಣ್ಣ ಗೀಚಿ ಎದ್ದು ಹೋದಳು.

ಅವಳನ್ನು ಎತ್ತಿದ್ದು ಯಾವುದು ಗೊತ್ತಾ? ಅಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಅಕ್ಕ. ಬೀನ್ಸ್ ನಾರು ತೆಗೆಯಲು ಕೂರಿಸಿದರು. ಇನ್ನೂರು ಜನರ ಸಾಂಬಾರು, ನಿನ್ನ ಕೈ ನಿಂತರೆ ಊಟ ನಿಲ್ಲುತ್ತದೆ ಅಂದರು. ಅವಳು ದಿನಾ ಓಡಿ ಹೋಗಿ ಕೂರುತ್ತಿದ್ದಳು. ನಿಮ್ಮ ಮಗನಿಗೂ ಬೇಕಾದದ್ದು ಪ್ರಾಜೆಕ್ಟ್ ಅಲ್ಲ, ಕೆಲಸ ಅಂತ ನನಗೆ ಅನಿಸುತ್ತದೆ. ಅವನು ಮಾಡದಿದ್ದರೆ ಯಾರಿಗಾದರೂ ಕೊರತೆ ಆಗುವಂಥ ಕೆಲಸ.

ಆಮೇಲೆ ಬಾಡಿಗೆ ಮನೆಯಲ್ಲಿ ಇದ್ದಾಗ ಅವಳೇ ಬೆಂಕಿಪೊಟ್ಟಣ ಜೋಡಿಸಿ ಹಳೆಯ ಮನೆ ಮಾಡಿದಳು. ಯಾರೂ ಹೇಳಿರಲಿಲ್ಲ. ನಮ್ಮಪ್ಪ ಪಕ್ಕದಲ್ಲಿ ಕೂತು, ಬಾವಿ ಅಲ್ಲಿ ಅಲ್ಲ ಮಗಾ, ಹಲಸಿನ ಮರದ ಈಚೆ, ಅಂತ ತಿದ್ದುತ್ತಿದ್ದರು. ಅಮ್ಮನಿಗೆ ಮಾತ್ರ ಅದನ್ನು ನೋಡಲು ಆಗುತ್ತಿರಲಿಲ್ಲ. ಹಾದು ಹೋಗುವಾಗ ಗೋಡೆ ಕಡೆ ತಿರುಗಿಸಿ ಇಡುತ್ತಿದ್ದರು. ಕೊನೆಗೆ ಮುಚ್ಚಳ ಇರುವ ಪೆಟ್ಟಿಗೆಯಲ್ಲಿ ಇಟ್ಟೆವು, ಬೇಕಾದವರು ತೆರೆದು ನೋಡಲಿ ಅಂತ. ಜಂಬೂರಿನ ಹೊಸ ಮನೆಗೆ ಬಂದ ಮೇಲೂ ಪೆಟ್ಟಿಗೆ ಹಾಗೇ ಇದೆ. ಅಜ್ಜನ ಮಂಟಪ ಮಾಡುವುದಾದರೆ ಮಾಡಿ, ಆದರೆ ಮುಚ್ಚಳ ಇರಲಿ. ನಿಮ್ಮ ಅತ್ತೆ ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಒಂದು ಮಾತು ಅವರನ್ನೂ ಕೇಳಿ.

ಇನ್ನು ಬರೀ ಖುಷಿಗೆ ಏನಾದರೂ ಬೇಕಾದರೆ ತೋಡಿನಲ್ಲಿ ನೀರಿನ ಚಕ್ರ ಮಾಡಿಸಿ. ಈಗ ನೀರು ಚೆನ್ನಾಗಿದೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿ, ಸುತ್ತ ಎಂಟು ಸೀಳು ಹಾಕಿ, ಅಡಿಕೆ ಹಾಳೆಯ ತುಂಡು ಸಿಕ್ಕಿಸಿ. ನಡುವೆ ಕೆಟ್ಟ ಕೊಡೆಯ ಕಡ್ಡಿ. ಎರಡು ಕವೆ ಗೂಟದ ಮೇಲೆ ಕೂರಿಸಿದರೆ ತಿರುಗುತ್ತದೆ. ಬಾಳೆದಿಂಡಿನಲ್ಲೂ ಮಾಡಬಹುದು, ಆದರೆ ನಾಲ್ಕು ದಿನಕ್ಕೆ ಕೊಳೆಯುತ್ತದೆ. ಒಂದು ಬಿದಿರು ಚಕ್ಕೆ ಕಟ್ಟಿ, ಪ್ರತಿ ಸುತ್ತಿಗೂ ಡಾಲ್ಡಾ ಡಬ್ಬಕ್ಕೆ ಹೊಡೆಯುವ ಹಾಗೆ ಮಾಡಿದರೆ ರಾತ್ರಿಯೆಲ್ಲಾ ಟಕ್ ಟಕ್ ಅನ್ನುತ್ತದೆ. ಗದ್ದೆಗೆ ಹಂದಿ ಬಾರದಿರಲಿ ಅಂತ ನಮ್ಮ ಹಿರಿಯರು ಇಡುತ್ತಿದ್ದದ್ದು ಇಂಥದ್ದೇ. ಜಿಗಣೆಗೆ ಉಪ್ಪು ಒಯ್ಯಿರಿ.

ಮಳೆಮನೆ:

ಗದ್ದೆ ಬದಿ ಅಣ್ಣ, ನಿಮ್ಮ ಮಾತು ಎರಡು ಸಲ ಓದಿದೆ. ಅತ್ತೆ ಇದ್ದಾರೆ. ಮಂಟಪದ ವಿಷಯ ಹೇಳಿದೆ. ಜೀಪು ಮಾಡಿ, ಅವರ ಮುಖ ಮಾತ್ರ ಮಾಡಬೇಡಿ, ನಿಮಗೆ ಸರಿಯಾಗಿ ಬರುವುದಿಲ್ಲ, ನನಗೆ ಬೇಜಾರಾಗುತ್ತದೆ ಅಂದರು. ಹೇಳಿ ಅವರೇ ಸ್ವಲ್ಪ ನಕ್ಕರು. ಮೇಷ್ಟ್ರೇ, ಸಿರಿಂಜ್ ತರಲು ಹೇಳಿದ್ದೇನೆ.

ಉಲ್ಲನ್ ಉಂಡೆ:

ವಿರಾಜಪೇಟೆಯಿಂದ ನಾನು. ಮಳೆಮನೆ ಅವರೇ, ಒಂದು ಪ್ರಶ್ನೆ. ಮಾವ ದಿನಾ ತಪ್ಪದೆ ಮಾಡುತ್ತಿದ್ದ ಕೆಲಸ ಏನಾದರೂ ಇತ್ತಾ? ದೊಡ್ಡದೇನೂ ಅಲ್ಲ. ನಮ್ಮಪ್ಪ ದಿನಾ ಗಡಿಯಾರಕ್ಕೆ ಕೀ ಕೊಡುತ್ತಿದ್ದರು, ಹೋದ ಮೇಲೆ ಆ ಗಡಿಯಾರ ನಿಂತದ್ದೇ ನಮಗೆ ಜಾಸ್ತಿ ಕಷ್ಟವಾಯಿತು. ಅದಕ್ಕೆ ಕೇಳಿದೆ.

ಮಳೆಮನೆ:

ಇತ್ತು. ಮಳೆ ಅಳೆಯುವುದು.

ಕಣದ ಮೂಲೆಯಲ್ಲಿ ರೈನ್ ಗೇಜ್ ಇದೆ. ಬೆಳಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ಅಳೆದು, ಬಂದು ಪುಸ್ತಕದಲ್ಲಿ ಬರೆದೇ ತಿಂಡಿ. 1983ರಿಂದ ಬರೆದಿದ್ದಾರೆ, ಉದ್ದನೆಯ ಲೆಕ್ಕದ ಪುಸ್ತಕಗಳು, ಅಲಮಾರಿನಲ್ಲಿ ಸಾಲಾಗಿ ಇವೆ. ಆಮೇಲೆ ಫೋನು. ನಿಮ್ಮಲ್ಲಿ ಎಷ್ಟು? ನಮ್ಮಲ್ಲಿ ಮೂರು ಇಂಚು ನಲವತ್ತು ಸೆಂಟ್ಸ್. ತಾವೇ ಸುರಿಸಿದ ಹಾಗೆ ಹೇಳುತ್ತಿದ್ದರು. ಭಾಗಮಂಡಲದ ಒಬ್ಬ ಸ್ನೇಹಿತರ ಹತ್ತಿರ ಮಾತ್ರ ದಿನಾ ಸೋಲು.

ಕೊನೆಕೊನೆಗೆ ಬೆರಳು ಗಟ್ಟಿಯಾಗಿತ್ತು, ಮಗನೇ ಬರೆಯುತ್ತಿದ್ದ. ಜುಲೈ ತಿಂಗಳ ಪುಟದಲ್ಲಿ ಕೊನೆಯ ಸಾಲು ಅವನ ಅಕ್ಷರದಲ್ಲೇ ಇದೆ, 2 ಇಂಚು 15. ಆವತ್ತೇ ಮಧ್ಯಾಹ್ನ ಅಡ್ಮಿಟ್ ಮಾಡಿದೆವು. ಅಲ್ಲಿಂದ ಮುಂದೆ ಪುಟ ಖಾಲಿ. ಆ ಗೇಜಿನ ಹತ್ತಿರ ಯಾರೂ ಹೋಗಿಲ್ಲ. ನೀವು ಕೇಳಿದ ಮೇಲೆಯೇ ನನಗೂ ಹೊಳೆದದ್ದು. ಅವನ ಕಿಟಕಿಯಿಂದ ಕಾಣುವುದು ಅದೇ ಮೂಲೆ.

ಉಲ್ಲನ್ ಉಂಡೆ:

ಹಾಗಾದರೆ ಮಳೆಯನ್ನು ಹೆಣೆಯಿರಿ.

ತಮಾಷೆ ಅಲ್ಲ. ದಿನಕ್ಕೊಂದು ಸಾಲು, ಮಳೆ ಎಷ್ಟೋ ಅದಕ್ಕೆ ತಕ್ಕ ಬಣ್ಣ. ಚಳಿ ದೇಶದವರು ದಿನದ ಉಷ್ಣತೆ ನೋಡಿ ಕಂಬಳಿ ಹೆಣೆಯುತ್ತಾರೆ, ನಮಗೆ ಉಷ್ಣತೆ ಯಾಕೆ, ಇರುವುದೇ ಮಳೆ. ನಾನು ಹೇಳುವುದು ಕ್ರೋಶಾ, ಒಂದೇ ಕಡ್ಡಿ ಸಾಕು. ಕಲಿಯಲು ಒಂದು ಸಂಜೆ ಬೇಕು. ಹುಡುಗರು ಮಾಡುವುದಲ್ಲ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳುಹಿಸಿ.

ವರ್ಷ ಪೂರ್ತಿ ಮಾಡಿದರೆ 365 ಸಾಲು, ಆರೇಳು ಅಡಿ ಉದ್ದದ ಮಫ್ಲರ್ ಆಗುತ್ತದೆ. ಎರಡು ವಾರದ ರಜೆಗೆ ಅದು ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ಅಷ್ಟೇ ತೆಗೆದುಕೊಳ್ಳಿ, 122 ಸಾಲು. ದಿನಕ್ಕೆ ಒಂಬತ್ತು ಸಾಲು ಹಾಕಿದರೆ ಮುಗಿಯುತ್ತದೆ. ಅಗಲಕ್ಕೆ 40 ಮನೆ (ಹೆಣಿಗೆಯ ಕುಣಿಕೆ), ಅಂದರೆ ಒಂದು ಗೇಣು. ಎರಡೂಕಾಲು ಅಡಿ ಉದ್ದ ಬರಬಹುದು, ಟೀಪಾಯಿ ಮೇಲೆ ಹಾಸಲು ಸರಿ.

ಬಣ್ಣ ಕೊಳ್ಳುವ ಮೊದಲು ಪುಸ್ತಕ ತೆಗೆದು ಎಣಿಸಲು ಕೂರಿಸಿ. ಸೊನ್ನೆ ಮಳೆ ಎಷ್ಟು ದಿನ, ಅರ್ಧ ಇಂಚಿನ ಒಳಗೆ ಎಷ್ಟು ದಿನ, ಅರ್ಧದಿಂದ ಒಂದು, ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರ ಮೇಲೆ. ಈ ಎಣಿಕೆಯೇ ಅರ್ಧ ಮಜಾ. ಯಾವುದು ಜಾಸ್ತಿ ಬರುತ್ತದೋ ಆ ಬಣ್ಣದ ಉಂಡೆ ಜಾಸ್ತಿ ತನ್ನಿ. ನಾನಾದರೆ ಬಿಳಿ, ತಿಳಿ ನೀಲಿ, ನೀಲಿ, ಕಡು ನೀಲಿ, ನೇರಳೆ, ಕೊನೆಗೆ ಕಪ್ಪು ಅಂತ ಇಡುತ್ತೇನೆ. ನಿಮ್ಮ ಕಡೆ ಜುಲೈಯಲ್ಲಿ ಎಲ್ಲಾ ಸಾಲೂ ಒಂದೇ ಬಣ್ಣ ಬಂದರೆ ಲೆಕ್ಕ ಬದಲಾಯಿಸಿಕೊಳ್ಳಿ, ವಿರಾಜಪೇಟೆ ಲೆಕ್ಕ ಚೇರಂಬಾಣೆಗೆ ಸರಿಹೋಗುವುದಿಲ್ಲ. ಅಕ್ರಿಲಿಕ್ ದಾರವೇ ಸಾಕು, ಅಗ್ಗ, ಮಳೆಗಾಲದಲ್ಲಿ ವಾಸನೆ ಬರುವುದಿಲ್ಲ.

ಯಾವ ವರ್ಷ ಅಂತ ಮಕ್ಕಳೇ ಆರಿಸಲಿ. ಅವರು ಹುಟ್ಟಿದ ವರ್ಷ ಇರಬಹುದು, 2018 ಇರಬಹುದು.

ಗದ್ದೆ ಬದಿ:

2018ರ ಆಗಸ್ಟ್ ನಿಮ್ಮ ಪುಸ್ತಕದಲ್ಲಿ ಎಷ್ಟು ಅಂತ ನೋಡಿ ಹೇಳುತ್ತೀರಾ? ಸುಮ್ನೆ ತಿಳಿಯಬೇಕು ಅನಿಸಿತು.

ಇಂಚು ಸೆಂಟ್ಸ್:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಮಳೆ ಅಂದ ಮೇಲೆ ನಾನು ಬಾಯಿ ಹಾಕದೆ ಇದ್ದರೆ ಹೇಗೆ? ನಾಪೋಕ್ಲು ಕಡೆ ತೋಟ, ಮೂರು ತಲೆಮಾರಿನಿಂದ ಬರೆಯುತ್ತಿದ್ದೇವೆ. ಇಲ್ಲಿ ಹೊರಗಿನವರೂ ಓದುತ್ತಿರಬಹುದು, ಅವರಿಗೊಂದು ಮಾತು: ಒಂದು ಇಂಚು ಅಂದರೆ ನೂರು ಸೆಂಟ್ಸ್, ಮಿಲಿಮೀಟರಿನಲ್ಲಿ 25.4. ಸರಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲ ಆಯಿತು, ತೋಟದವರು ಮಾತ್ರ ಇಂಚು ಬಿಟ್ಟಿಲ್ಲ.

ತಂಗಿ, ಗೇಜನ್ನು ಮತ್ತೆ ಶುರು ಮಾಡುವ ಮೊದಲು ಬಿಚ್ಚಿ ತೊಳೆಯಬೇಕು. ಮೂರು ತಿಂಗಳು ಮುಟ್ಟಿಲ್ಲ ಅಂದರೆ ಆಲಿಕೆಯಲ್ಲಿ ಎಲೆ, ಜೇಡ, ಏನಾದರೂ ಇದ್ದೇ ಇರುತ್ತದೆ. ಒಳಗೆ ನಿಂತ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಚೆಲ್ಲಿ. ಆಲಿಕೆಯ ಬಾಯಿ ಮಟ್ಟವಾಗಿದೆಯಾ ನೋಡಿ. ಸುತ್ತಲಿನ ಗಿಡದ ಕೊಂಬೆ ಬೆಳೆದು ಮೇಲೆ ಬಾಗಿದ್ದರೆ ಕಡಿಯಿರಿ, ಎಲೆಯಿಂದ ತೊಟ್ಟಿಕ್ಕುವ ನೀರು ಮಳೆಯಲ್ಲ. ಅಳತೆ ಗ್ಲಾಸು ಆ ಆಲಿಕೆಯ ಬಾಯಿಗೇ ಲೆಕ್ಕ ಹಾಕಿ ಮಾಡಿದ್ದು, ಒಡೆದಿದ್ದರೆ ಬೇರೆ ಯಾವುದೋ ಗ್ಲಾಸಿನಲ್ಲಿ ಅಳೆದರೆ ಸುಳ್ಳು ಹೇಳುತ್ತದೆ.

ಗೇಜ್ ಇಲ್ಲದ ಮಕ್ಕಳು ಮಾಡುವುದಾದರೆ, ನೆಟ್ಟಗೆ ಇರುವ ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಕೂರಿಸಿದರೆ ಆಲಿಕೆ ಆಯಿತು. ತಳ ಉಬ್ಬುತಗ್ಗು ಇರುತ್ತದಲ್ಲ, ಅಷ್ಟಕ್ಕೆ ಕಲ್ಲು ಹಾಕಿ ನೀರು ತುಂಬಿ ಅಲ್ಲಿ ಸೊನ್ನೆ ಅಂತ ಗೀಟು ಹಾಕಿ. ಅಲ್ಲಿಂದ ಮೇಲೆ ಸ್ಕೇಲ್ ಇಟ್ಟು ಓದಿ.

ಈಗ ಖಾಲಿ ದಿನಗಳ ವಿಷಯ, ಯಾಕೆಂದರೆ ಹೆಣೆಯುವಾಗ ಅದು ಬಂದೇ ಬರುತ್ತದೆ. ಅಕ್ಕಪಕ್ಕದ ತೋಟದಲ್ಲಿ ಯಾರಾದರೂ ಬರೆದಿರುತ್ತಾರೆ, ಕೇಳಿದರೆ ಕೊಡುತ್ತಾರೆ. ಪೆನ್ಸಿಲಿನಲ್ಲಿ ಬರೆದು, ಯಾರ ತೋಟದ್ದು ಅಂತ ಪಕ್ಕದಲ್ಲಿ ಹಾಕಬೇಕು. ಸಿಗದ ದಿನಕ್ಕೆ ಗೀಟು. ಸೊನ್ನೆ ಮಾತ್ರ ಹಾಕಬಾರದು. ಸೊನ್ನೆ ಅಂದರೆ ಮಳೆ ಬರಲಿಲ್ಲ ಅಂತ, ಗೀಟು ಅಂದರೆ ನಾವು ಅಳೆಯಲಿಲ್ಲ ಅಂತ. ನಮ್ಮಪ್ಪ ಇದಕ್ಕೆ ನನ್ನ ಕಿವಿ ಹಿಂಡಿದ್ದರು. ನಿಮ್ಮ ಮಾವನೂ ಒಪ್ಪುತ್ತಿರಲಿಲ್ಲ ಅಂತ ನನ್ನ ಅಂದಾಜು.

ಮಳೆಮನೆ:

ಹತ್ತು ದಿನ ಆಯಿತು, ಬರೆಯಲು ಆಗಲಿಲ್ಲ, ನೆಟ್ವರ್ಕ್ ಇರಲಿಲ್ಲ.

ಮೊದಲನೇ ದಿನ ನಾನೇನೂ ಹೇಳಲಿಲ್ಲ. 1983ರ ಪುಸ್ತಕ ಮೇಜಿನ ಮೇಲೆ ಇಟ್ಟು ಹೋದೆ. ಮಗಳು ಬಂದು ಅಪ್ಪ ಹುಟ್ಟಿದ ವರ್ಷದ್ದು ಎಲ್ಲಿ ಅಂದಳು. ಅದಕ್ಕಿಂತ ಮುಂಚಿನದು ಇಲ್ಲ ಕಣೇ ಅಂತ ಮಗ ಮಂಚದ ಮೇಲಿನಿಂದಲೇ ಹೇಳಿದ. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು. ಆಮೇಲೆ ಎದ್ದು ಬಂದ, ಅವಳು ಪುಟ ಹರಿಯುತ್ತಾಳೆ ಅಂತ ಹೆದರಿ.

ಎಣಿಸಲು ಎರಡು ದಿನ ಹಿಡಿಯಿತು. ಅಕ್ಕ, ನೀವು ಹೇಳಿದ್ದು ಸರಿ, ನಮ್ಮ ಲೆಕ್ಕ ಬೇರೆ ಆಯಿತು. ನಾಲ್ಕರ ಮೇಲೆ ಅಂತ ಒಂದೇ ಬಣ್ಣ ಸಾಲಲಿಲ್ಲ, ಆರರ ಮೇಲೆ ಅಂತ ಇನ್ನೊಂದು ಬೇಕಾಯಿತು. ಹಳೆಯ ವರ್ಷ ಯಾವುದೂ ಬೇಡ, ಇದೇ ವರ್ಷದ್ದು ಮಾಡೋಣ ಅಂತ ಮಗನ ಹಟ. ಅಜ್ಜನ ಪುಸ್ತಕ ಜೂನ್ ಒಂದರಿಂದ ಆಸ್ಪತ್ರೆಗೆ ಹೋದ ದಿನದ ತನಕ. ಮುಂದಿನದಕ್ಕೆ ಪಕ್ಕದ ತೋಟದವರಿಗೆ ಅವನೇ ಫೋನ್ ಮಾಡಿದ. ಅವರು ಪುಸ್ತಕವನ್ನೇ ಕೊಟ್ಟು ಕಳುಹಿಸಿದರು, ಜೊತೆಗೆ ಒಂದು ಡಬ್ಬ ತಂಬಿಟ್ಟು. ಇಂಚು ಸೆಂಟ್ಸ್ ಅಣ್ಣ, ಪೆನ್ಸಿಲಿನಲ್ಲೇ ಬರೆದಿದ್ದಾನೆ, ತೋಟದ ಹೆಸರೂ ಹಾಕಿದ್ದಾನೆ.

ಆ ಹನ್ನೊಂದು ದಿನದ್ದು ಮಾತ್ರ ತೆಗೆದುಕೊಳ್ಳಲಿಲ್ಲ. ಅವರ ಪುಸ್ತಕದಲ್ಲಿ ಇದ್ದರೂ ಬರೆಯಲಿಲ್ಲ. ಗೀಟು ಹಾಕಿದ. ಗೀಟಿಗೆ ಯಾವ ಬಣ್ಣ ಅಂತ ಇಬ್ಬರಿಗೂ ಜಗಳ. ಹೊಸ ಬಣ್ಣ ತರಲು ಪುನಃ ಮಡಿಕೇರಿಗೆ ಹೋಗಬೇಕಲ್ಲ ಅಂತ ನಾನು ಗೊಣಗುತ್ತಿದ್ದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಮಾವನ ಮಂಕಿ ಕ್ಯಾಪ್ ತಂದು ಕೊಟ್ಟರು. ಕಂದು ಬಣ್ಣದ್ದು, ಕಿವಿಯ ಹತ್ತಿರ ಮೊದಲೇ ಬಿಚ್ಚಿಕೊಂಡಿತ್ತು. ಯಾರೂ ಏನೂ ಹೇಳಲಿಲ್ಲ. ಮಗಳು ದಾರ ಎಳೆದಳು, ಮಗ ಕೈಗೆ ಸುತ್ತಿಕೊಂಡ.

ವಿಜಯದಶಮಿ ರಾತ್ರಿ ಕರೆಂಟ್ ಇರಲಿಲ್ಲ. ಒಳ್ಳೆಯದೇ ಆಯಿತು. ಮೇಷ್ಟ್ರ ಮಂಟಪವನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದೆವು. ಜೀಪಿನಲ್ಲಿ ಡ್ರೈವರ್ ಇಲ್ಲ, ಹಾರ್ನ್ ಒತ್ತಲು ಒಂದು ಕೈ ಮಾತ್ರ ಇದೆ. ನೋಡಲು ಭೂತದ ಜೀಪಿನ ಹಾಗೆ ಇತ್ತು, ಎಲ್ಲರೂ ಬಿದ್ದು ಬಿದ್ದು ನಕ್ಕೆವು, ಅತ್ತೆಯೂ. ಆಮೇಲೆ ಅತ್ತರು. ಆಮೇಲೆ ಅವರೇ ಕಾಫಿ ಮಾಡಿದರು. ಪೈಪು ಸೋರುತ್ತಿದೆ ಮೇಷ್ಟ್ರೇ, ಏನು ಮಾಡಬೇಕು?

ಗದ್ದೆ ಬದಿ ಅಣ್ಣ, ನೀವು ಕೇಳಿದ 2018ರ ಪುಟದ ಫೋಟೋ ತೆಗೆದಿಟ್ಟಿದ್ದೇನೆ. ಇಲ್ಲಿ ಹಾಕುವುದಿಲ್ಲ. ನಿಮಗೆ ಬೇಕು ಅನಿಸಿದಾಗ ಹೇಳಿ, ಬೇರೆಯಾಗಿ ಕಳುಹಿಸುತ್ತೇನೆ.

ಕ್ರೋಶಾ ಇನ್ನೂ ಜೂನ್ 28ರಲ್ಲೇ ಇದೆ. ಇಬ್ಬರೂ ಸರದಿ ಮೇಲೆ ಹಾಕುತ್ತಾರೆ. ಆದರೆ ಅಕ್ಕ, ಅಗಲ ಕಡಿಮೆ ಆಗುತ್ತಾ ಬರುತ್ತಿದೆ. ಶುರುವಿನಲ್ಲಿ ಒಂದು ಗೇಣು ಇದ್ದದ್ದು ಈಗ ಮೂರು ಬೆರಳು ಕಮ್ಮಿ. ಯಾಕೆ?

ಉಲ್ಲನ್ ಉಂಡೆ:

ಸಾಲಿನ ಕೊನೆಯ ಮನೆ ಬಿಟ್ಟು ತಿರುಗಿಸುತ್ತಿದ್ದಾರೆ. ಹೊಸಬರೆಲ್ಲಾ ಮಾಡುವ ತಪ್ಪು. ಎರಡೂ ತುದಿಗೆ ಪಿನ್ನು ಸಿಕ್ಕಿಸಿ ಗುರುತು ಮಾಡಿಕೊಳ್ಳಲು ಹೇಳಿ, ಪ್ರತಿ ಸಾಲೂ 40 ಇದೆಯಾ ಅಂತ ಎಣಿಸಲಿ. ಹೆಣೆದದ್ದನ್ನು ಬಿಚ್ಚಬೇಡಿ. ಮುಂದಿನ ಸಾಲುಗಳಲ್ಲಿ ಒಂದೊಂದೇ ಮನೆ ಸೇರಿಸುತ್ತಾ ಬಂದರೆ ಅಗಲ ವಾಪಸ್ ಬರುತ್ತದೆ. ನಡುವೆ ಸೊಂಟ ಬಂದಿರುತ್ತದೆ, ಇರಲಿ ಬಿಡಿ.

ಮಂಕಿ ಕ್ಯಾಪಿನ ದಾರ ಗುಂಗುರು ಗುಂಗುರು ಇರುತ್ತದೆ. ಬಿಸಿನೀರಿನಲ್ಲಿ ಅದ್ದಿ, ತೂಗು ಹಾಕಿ, ಒಣಗಿದ ಮೇಲೆ ಬಳಸಿ.

ಹಳೇ ಮೇಷ್ಟ್ರು:

ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಮೆತ್ತಗೆ ಮಾಡಿ ಸಿಕ್ಕಿಸಿ. ಆರಿದ ಮೇಲೆ ಬಿಗಿಯಾಗಿ ಕೂರುತ್ತದೆ.

ಇಂಚು ಸೆಂಟ್ಸ್:

ಗೇಜ್ ತೊಳೆದಿರಾ?

ಮಳೆಮನೆ:

ತೊಳೆದದ್ದು ನಾನಲ್ಲ, ಅವನೇ. ಒಳಗೆ ಒಂದು ಕಪ್ಪೆಮರಿ ಸಂಸಾರ ಹೂಡಿತ್ತಂತೆ. ಮೊನ್ನೆಯಿಂದ ಎಂಟೂವರೆಗೆ ಹೋಗುತ್ತಿದ್ದಾನೆ, ತಿಂಡಿ ಆರಿ ಹೋಗುತ್ತದೆ ಅಂತ ಕೂಗಿದರೂ ಕೇಳುವುದಿಲ್ಲ. ಇವತ್ತು 35 ಸೆಂಟ್ಸ್. ನಾಪೋಕ್ಲು ಅಂಕಲ್ಲಿಗೆ ಎಷ್ಟು ಅಂತ ಕೇಳಿ ಅಂತ ಪಕ್ಕದಲ್ಲೇ ನಿಂತಿದ್ದಾನೆ.

ಇಂಚು ಸೆಂಟ್ಸ್:

60. ಇವತ್ತು ನಾವು ಗೆದ್ದೆವು ಅಂತ ಹೇಳಿ ಅವನಿಗೆ.